ಕಕಾರ ಜಾರಿದ ಊರು

"ಇನ್ನೊಂದ್ಸಲ ಹೇಳ್ತೀರಾ?"

"ತ್ಸಿಸ್," ಎಂದಳು ಹಿಸ್ಕೆ, ಮುಂದಿದ್ದ ಚೀಸ್ ತೋರಿಸಿ.

"ಪ್ಲೀಸ್, ಇನ್ನೊಂದೇ ಸಲ."

ಮೂರನೇ ಸಲಕ್ಕೆ ಆ ಗಿರಾಕಿಯ ತುಟಿಯಂಚಿನಲ್ಲಿ ನಗು ಮೂಡಿತು. ಹಿಸ್ಕೆಗೆ ಮೈಯೆಲ್ಲ ಉರಿಯಿತು. ಲೇವಾರ್ಡನ್‌ನ ಶುಕ್ರವಾರದ ಸಂತೆಯಲ್ಲಿ ಅಜ್ಜಿಯ ಜೊತೆ ಚೀಸ್ ಮಾರುವ ಅವಳಿಗೆ ಆ ನಗು ಹೊಸದಲ್ಲ. ತಮ್ಮ ಸೀಮೆಯ ಫ್ರೀಸಿಯನ್ ಮಾತು ಕಿವಿಗೆ ಬಿದ್ದರೆ ಡಚ್ಚರು ನಗುತ್ತಿದ್ದುದನ್ನು ಶಾಲೆಯಲ್ಲೇ ಬೇಕಾದಷ್ಟು ಕಂಡಿದ್ದಳು.

"ನಿಮ್ಮ ಕಡೆ ಚೀಸಿಗೆ 'ಕಾಸ್' ಅಂತಾರಲ್ಲ, ಅಲ್ಲೇ ಹೋಗಿ ತಗೊಳ್ಳಿ! ನಾನೇನು ಕುಣಿಸೋ ಕೋತೀನಾ?"

ಅವನು ಕಿವಿಯ ತುದಿಯವರೆಗೂ ಕೆಂಪಾಗಿ ಹೊರಟುಹೋದ.

ಮುಂದಿನ ಶುಕ್ರವಾರ ಮತ್ತೆ ಬಂದ. ಹೆಸರು ಯೋರಿಸ್, ಊರು ಡಚ್ ಮಾತಾಡುವ ಉಟ್ರೆಕ್ಟ್, ಭಾಷೆಗಳು ಹೇಗೆ ಬದಲಾಗುತ್ತವೆ ಎಂದು ಹುಡುಕುವುದು ಕೆಲಸ. ಕ್ಷಮೆ ಕೇಳಿದ.

"'ತ್ಸಿಸ್', 'ಕಾಸ್' ಎರಡೂ ಒಂದೇ ಪದ ರೀ. ಹಿಂದೆ ಎರಡು ಕಡೆಯೂ 'ಕ'ನೇ ಇತ್ತು. ಅದಾದ ಮೇಲೆ 'ಇ', 'ಎ' ಥರದ ಸ್ವರ ಬಂದ ಕಡೆ ನಿಮ್ಮವರ ನಾಲಿಗೆ ಸ್ವಲ್ಪ ಮುಂದಕ್ಕೆ ಜಾರಿತು, 'ತ್ಸ' ಆಯ್ತು. ಚರ್ಚಿಗೆ ನಾವು 'ಕೆರ್ಕ್' ಅಂತೀವಿ, ನೀವು 'ತ್ಸ್ಯೆರ್ಕೆ'."

"ಅಂದ್ರೆ ಕೆಟ್ಟಿದ್ದು ನಮ್ದು?"

"ಯಾರದೂ ಕೆಟ್ಟಿಲ್ಲ. ಯಾವ ಮಗುವೂ ತಾಯಿ ಥರಾನೇ ಮಾತಾಡಲ್ಲ, ಕೂದಲೆಳೆಯಷ್ಟು ಬೇರೆ. ಸಾವಿರ ವರ್ಷ ಕಳೆದ್ರೆ ಒಂದು ಭಾಷೆ ಎರಡಾಗಿರುತ್ತೆ. ಅವತ್ತು ನಕ್ಕಿದ್ದು ಖುಷಿಗೆ. ಪುಸ್ತಕದಲ್ಲಿ ಓದಿದ್ದು ಎದುರಿಗೇ ನಿಂತಿತ್ತು." ಕ್ಷಣ ತಡೆದು, "ಇಷ್ಟು ಚೆಂದವಾಗಿ," ಎಂದ.

ಹಿಸ್ಕೆ ತಲೆ ತಗ್ಗಿಸಿ ಚೀಸ್ ಕೊಯ್ಯತೊಡಗಿದಳು. ಕೊಯ್ದದ್ದು ಕೇಳಿದ್ದಕ್ಕಿಂತ ದೊಡ್ಡ ತುಂಡಾಯಿತು.

ಬೇಸಿಗೆಯೆಲ್ಲ ಅವನು ಮನೆಗೆ ಬಂದ. ಅಜ್ಜಿ ಬೌಕ್ಯೆ ಮಾತಾಡುವರು, ಅವನು ಬರೆದುಕೊಳ್ಳುವನು. ಸ್ಪೆಲಿಂಗ್ ನೋಡುವ ನೆಪದಲ್ಲಿ ಹಿಸ್ಕೆ ಅವನ ಭುಜದ ಹಿಂದೆ ನಿಲ್ಲುವಳು. ಆಗೆಲ್ಲ ಅವನ ಪೆನ್ನು ನಿಂತೇ ಹೋಗುತ್ತಿತ್ತು.

ಕೆಲಸ ಮುಗಿದ ದಿನ, ಕಾಲುವೆಯ ದಂಡೆಯಲ್ಲಿ, "ನನ್ನ ಜೊತೆ ಬರ್ತೀಯಾ?" ಎಂದು ಕೇಳಿದ.

ಅವಳ ಕಣ್ಣು ತುಂಬಿದವು. "ನಮ್ಮಕ್ಕ ನಿಮ್ಮೂರಿಗೇ ಮದುವೆಯಾಗಿ ಹೋದಳು. ಅವಳ ಮಕ್ಕಳಿಗೆ ಅಜ್ಜಿ ಮಾತು ತಿಳಿಯಲ್ಲ. ಅವರು ಬಂದಾಗ ಅಜ್ಜಿ ಅಡುಗೆಮನೇಲಿ ಬೆಕ್ಕಿನ ಜೊತೆ ಮಾತಾಡ್ತಾ ಕೂತಿರ್ತಾರೆ. ನೀನೂ ನಮ್ಮ ಭಾಷೆ ಬರ್ಕೊಳ್ತೀಯ ಯೋರಿಸ್, ಆಡಲ್ಲ."

ಅವನು ಕೈಯಲ್ಲಿದ್ದ ನೋಟ್‌ಬುಕ್ ಮುಚ್ಚಿ ಜೇಬಿಗೆ ಹಾಕಿಕೊಂಡ.

ಎರಡು ಶುಕ್ರವಾರ ಅವನ ಸುಳಿವೇ ಇಲ್ಲ. ಮೂರನೆಯದಕ್ಕೆ, ಸಂತೆ ತುಂಬಿದ್ದಾಗ ಬಂದು, ಎಲ್ಲರ ಮುಂದೆ ಗಟ್ಟಿಯಾಗಿ ಫ್ರೀಸಿಯನ್‌ನಲ್ಲೇ ಚೀಸ್ ಕೇಳಿದ. ಮಾತಿಗೊಂದು ತಪ್ಪು. ಎದುರಿನ ಮೀನಿನವನು ಬಿದ್ದು ಬಿದ್ದು ನಕ್ಕ. ಯೋರಿಸ್ ಬೆವರಿದ, ಆದರೂ ಬಿಡಲಿಲ್ಲ.

"ಅಯ್ಯೋ ಮಗಾ, ನನ್ನ ಭಾಷೆ ಕುತ್ತಿಗೆ ಹಿಚುಕ್ತಿದೀಯಲ್ಲೋ!" ಅಜ್ಜಿ ಕಣ್ಣೊರೆಸಿಕೊಂಡರು.

"ಕಲೀತಿದೀನಿ ಅಜ್ಜಿ. ಇಲ್ಲೇ ರೂಮ್ ಹಿಡಿದಿದೀನಿ. ಊರಿಗೆ ವಾಪಸ್ ಹೋಗಲ್ಲ." ಹಿಸ್ಕೆಯ ಕಡೆ ತಿರುಗಿದ. "ಇಕ್ ಹೋಲ್ಡ್ ಫೊನ್ ದಿ."

ನಿನ್ನನ್ನು ಪ್ರೀತಿಸುತ್ತೇನೆ ಎಂದು ಅದರರ್ಥ. ಅದರಲ್ಲಿ ಲಕಾರ ಬರೆಯುವುದಷ್ಟೇ, ಉಚ್ಚರಿಸುವುದಿಲ್ಲ. ಪಂಡಿತನಿಗೆ ಗೊತ್ತಿದ್ದ ನಿಯಮ ಪ್ರೇಮಿಗೆ ಮರೆತುಹೋಗಿತ್ತು.

"'ಲ' ನುಂಗಬೇಕು ಕಣೋ ದಡ್ಡ!" ಎಂದಳು ಹಿಸ್ಕೆ. "ಹೀಗೆ: ಇಕ್ ಹೋಟ್ ಫೊನ್ ದಿ."

ಹೇಳಿದ ಮೇಲೆಯೇ ತಾನು ಏನು ಹೇಳಿದೆನೆಂದು ಅವಳಿಗೆ ಹೊಳೆದದ್ದು. ಸಂತೆಯ ಅರ್ಧ ಜನ ಕೇಳಿಸಿಕೊಂಡಿದ್ದರು. ಅವಳು ಮಾತು ಹಿಂತೆಗೆದುಕೊಳ್ಳಲಿಲ್ಲ. ಕೈ ಚಾಚಿ ಅವನ ಬೆವರಿದ ಅಂಗೈ ಹಿಡಿದುಕೊಂಡಳು.