ಮರಗೆಣಸಿನ ಸರಾಸರಿ

"ನೀನು ಮೋಸಗಾರ!"

ಮಾವಿನ ಮರದಡಿ ಕುಳಿತಿದ್ದ ಊರೆಲ್ಲ ತಿರುಗಿ ನೋಡಿತು. ಅಮುಗೆಯ ಬೆರಳು ನೇರ ಒಕಿರೋರ್‌ನ ಎದೆಗೆ ನೆಟ್ಟಿತ್ತು. ನಿನ್ನೆಯವರೆಗೂ ಅವನ ಹೆಜ್ಜೆ ಸಪ್ಪಳಕ್ಕೇ ಅರಳುತ್ತಿದ್ದವಳು!

ಅವನು ಕೃಷಿ ಕೇಂದ್ರದವನು. ಚೀಟಿ ಎತ್ತಿ, ಅದರಲ್ಲಿ ಬಂದ ಗಿಡಗಳ ಬಳಿ ಸಂಜೆಯೇ ಕೋಲು ನೆಟ್ಟು, ಬೆಳಿಗ್ಗೆ ಅವನ್ನಷ್ಟೇ ಕಿತ್ತು ತೂಗಿದ್ದ. ಅಮುಗೆಯ ಹೊಲದಲ್ಲಿ ಊರಿನ ಹಳೆಯ ಮರಗೆಣಸು, ಅವಳ ಸೋದರತ್ತೆ ಅಪೋಲೋಟ್‌ಳ ಹೊಲದಲ್ಲಿ ಕೇಂದ್ರದ ಹೊಸ ತಳಿ. ಹೊಸದರ ಸರಾಸರಿ ಹತ್ತಿರಹತ್ತಿರ ಎರಡು ಪಟ್ಟು! ಇನ್ನು ಹಳೆಯ ತಳಿಯ ಕಡ್ಡಿಯನ್ನು ಯಾರು ನೆಡುತ್ತಾರೆ?

"ಇಷ್ಟು ವ್ಯತ್ಯಾಸ ಬರೀ ಅದೃಷ್ಟದಿಂದ ಬರಲ್ಲ, ಅಮುಗೆ."

"ಹೌದು, ನಿನ್ನ ಕೈಚಳಕದಿಂದ ಬಂದಿದೆ!"

ಅವನ ಕಣ್ಣು ತುಂಬಿತು. "ಬೇರೆಯವರನ್ನು ಕಳಿಸೋಕೆ ಹೇಳ್ತೀನಿ…" ಎಂದವನೇ ಚೀಲ ಹೆಗಲಿಗೇರಿಸಿ ಹೊರಟುಬಿಟ್ಟ.

ಮನೆಯಲ್ಲಿ ಅತ್ತೆ ಗೆಣಸು ಸುಲಿಯುತ್ತಾ ಗೊಣಗಿದಳು. "ಅಯ್ಯೋ ಮೂದೇವಿ, ಎಂಥ ಹುಡುಗನ್ನ ಓಡಿಸ್ದೆ! ನಾನು ಅಷ್ಟು ಕಷ್ಟಪಟ್ಟು ಕೋಲು ಕಿತ್ತು ನೆಟ್ಟಿದ್ದೆಲ್ಲ ದಂಡ."

"ಯಾವ ಕೋಲು ಅತ್ತೆ?"

"ಅವನು ನೆಟ್ಟಿದ್ದು ಒಣಕಲು ಗಿಡಗಳ ಹತ್ರ ಕಣೇ! ನಿನ್ನ ಕೇಳೋಕೆ ಬರೋ ಗಂಡು, ನನ್ನ ಹೊಲದ್ದು ಬೆರಳುಗಾತ್ರದ ಗೆಣಸು ತೂಗೋದಾ? ಮಾನ ಬೇಡ್ವಾ? ನಸುಕಿಗೇ ಎದ್ದು ದಪ್ಪ ಗಿಡಗಳಿಗೆ ಬದಲಾಯಿಸ್ದೆ."

ಅಮುಗೆ ಎದ್ದು ನಿಂತಳು. ಆರಿಸಿ ಕಿತ್ತಿದ್ದು ಇಡೀ ಹೊಲದ ಸರಾಸರಿ ಹೇಗಾದೀತು? ಅವನಿಗೆ ಗೊತ್ತೇ ಇಲ್ಲ… ದೇವರೇ, ನಾನೇನು ಮಾಡಿಬಿಟ್ಟೆ!

ಓಡಿದಳು. ಚಪ್ಪಲಿ ಹರಿಯಿತು, ಕೆಂಪು ಧೂಳು ಗಂಟಲಿಗಿಳಿಯಿತು. ಸೊರೋಟಿ ಪಟ್ಟಣಕ್ಕೆ ಹೋಗುವ ವ್ಯಾನ್ ಆಗಲೇ ಗುರುಗುಟ್ಟುತ್ತಿತ್ತು.

"ಒಕಿರೋರ್! ಇಳಿ… ದಯವಿಟ್ಟು ಇಳಿ!"

"ಏನಮ್ಮಾ, ಟಿಕೆಟ್ ದುಡ್ಡು ನೀನು ಕೊಡ್ತೀಯಾ?" ಡ್ರೈವರ್ ರೇಗಿದ.

ಕಿಟಕಿಯ ಕಂಬಿ ಹಿಡಿದೇ ಅಳುತ್ತಾ ಎಲ್ಲ ಹೇಳಿದಳು. ಊರವರ ಎದುರೂ ತಪ್ಪೊಪ್ಪಿಕೊಳ್ಳುತ್ತೇನೆ ಎಂದಳು.

ಅವನು ಚೀಲ ಹೆಗಲಿಗೇರಿಸಿ ಎದ್ದ.

"ಮತ್ತೆ ಚೀಟಿ ಎತ್ತಿ ಅಗೀಬೇಕು," ಎಂದ. "ಆಗಲೂ ಹೊಸದೇ ಗೆದ್ರೆ?"

"ಗೆಲ್ಲಲಿ. ನಾನು ಜಗಳ ಆಡ್ತೀನಿ."

"ನನ್ನ ಜೊತೆನಾ?"

"ಮತ್ಯಾರ ಜೊತೆ? ಅದಕ್ಕಾದ್ರೂ ಇಲ್ಲೇ ಇರು…"

ವ್ಯಾನಿನ ಬಾಗಿಲು ತೆರೆದು ಅವನು ಇಳಿದ.

"ಎಷ್ಟು ದಿನ ಇರಲಿ?"

"ಜಗಳ ಮುಗಿಯೋವರೆಗೆ," ಅಂದಳು ಅವನ ಕೈ ಹಿಡಿದು. "ನಾನು ಮುಗಿಸಲ್ಲ."