ಗೂಗಲ್ಲಿನ ನೀರು

ನಾನು ಹೇಳುವುದರಲ್ಲಿ ಮುಕ್ಕಾಲು ಸುಳ್ಳೆಂದು ದೇವದುರ್ಗಕ್ಕೆಲ್ಲ ಗೊತ್ತು. ಇದು ಉಳಿದ ಕಾಲು ಭಾಗ.

೧೯೮೪ರ ಮೇ ತಿಂಗಳು. ನನ್ನ ಜೀಪಿನೊಂದಿಗೆ ಓಡಿ ಗಾಳಿಯೇ ಏದುಸಿರು ಬಿಡುತ್ತಿದ್ದ ಕಾಲ. ಹೊಳೆದಂಡೆಯ ಗೂಗಲ್ ಎಂಬ ಹಳ್ಳಿಯ ಶರಣಮ್ಮ ಒಂದು ತಂಬಿಗೆ ಕೃಷ್ಣೆಯ ನೀರು ತುಂಬಿ, ಅದರ ಬಾಯಿಗೆ ಬಟ್ಟೆ ಬಿಗಿದು, ಬೆಳಿಗ್ಗೆಯೇ ನನ್ನ ಬಾಡಿಗೆ ಜೀಪು ಹತ್ತಿದಳು. ಬಳ್ಳಾರಿಯಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ದೊಡ್ಡಪ್ಪನೆಂಬ ಹೆಸರಿನ ಅವಳ ತಮ್ಮ ಉಳಿಯುವುದಿಲ್ಲವೆಂದು ಹೈದರಾಬಾದಿನ ಡಾಕ್ಟರು ಹೇಳಿದ್ದರು. ಅವನನ್ನು ವಿಮಾನದಲ್ಲಿ ಮನೆಗೆ ತರುತ್ತಿದ್ದರು. ಜೀವ ಹೋಗುವ ಮೊದಲು ಅವನ ಬಾಯಿಗೆ ಊರಿನ ನೀರು ಬಿಡಬೇಕಿತ್ತು.

“ಮುದುಕಪ್ಪಾ, ವಿಮಾನ ಮಧ್ಯಾಹ್ನ ಹೊಂಟು ಹೈದರಾಬಾದಿಂದ ಬಳ್ಳಾರಿಗಿ ಒಂದ ತಾಸಿನ್ಯಾಗ ಮುಟ್ಟತದಂತ. ನಮ್ದು ಅರ್ಧ ದಿನದ ದಾರಿ.”

“ಯವ್ವಾ, ಅದು ಇಳಿಯೂದ್ರಾಗ ನಾ ಅಲ್ಲಿ ಚಾ ಕುಡದು, ಬೀಡಿ ಸೇದಿ, ಒಂದು ನಿದ್ದಿ ತಗದಿರ್ತೀನಿ!”

ಮಾನ್ವಿ ದಾಟಿದ ಮೇಲೆ, ಕಲ್ಲು ಸಿಡಿಯುವ ಬಿಸಿಲಿನಲ್ಲಿ, ಹಿಂದಿನ ಸೀಟಿನಿಂದ ಹಳೆಯ ಬಾವಿಯ ತಂಪು ಬಂತು. ಜೊತೆಗೆ ಯಾರೋ ಗುಟುಕು ಗುಟುಕಾಗಿ ನೀರು ಕುಡಿಯುವ ಸದ್ದು. ತಿರುಗಿ ನೋಡಿದೆ. ಶರಣಮ್ಮನ ಮಡಿಲಲ್ಲಿ ತಂಬಿಗೆಯ ಬಟ್ಟೆ ಬಿಗಿದಂತೆಯೇ ಇತ್ತು.

“ತಂಬಗಿ ಹಗುರ ಆಗಾಕತ್ತೇತಿ. ನನ್ನ ತಮ್ಮ ಕುಡಿಯಾಕತ್ತಾನ,” ಎಂದು ಅವಳು ಅಳುತ್ತಲೇ ನಕ್ಕಳು. “ಇನ್ನ ಅವಸರ ಇಲ್ಲ, ಸಾವಕಾಶ ಹೋಗೋ ಯಪ್ಪಾ.”

ಜೀವಮಾನದಲ್ಲಿ ಮೊದಲ ಸಲ ನಾನು ಜೀಪಿನ ವೇಗ ಇಳಿಸಿದೆ.

ನಾವು ಮುಟ್ಟುವಷ್ಟರಲ್ಲಿ ವಿಮಾನ ಇಳಿದಾಗಿತ್ತು. ದೊಡ್ಡಪ್ಪ ನೀರು, ನೀರು ಎನ್ನುತ್ತ, ಕೊಟ್ಟ ನೀರು ಗಂಟಲಿಗಿಳಿಯದೆ, ನಾವು ಬರುವ ತುಸು ಮೊದಲಷ್ಟೇ ಪ್ರಾಣ ಬಿಟ್ಟಿದ್ದ. ಶರಣಮ್ಮ ಬಟ್ಟೆ ಬಿಚ್ಚಿ, ಒಣಗಿ ಬಿರಿದ ಅವನ ತುಟಿಯ ಮೇಲೆ ತಂಬಿಗೆ ಬಗ್ಗಿಸಿದಳು.

ಒಂದು ಹನಿಯೂ ಬೀಳಲಿಲ್ಲ.