ಮೂರನೆಯ ಸಾಲು

“ಅಜ್ಜೀದು ಬೀಸೋ ಕಲ್ಲು ಕೊಟ್ಟುಬಿಡ್ತೀಯೇನವ್ವಾ?”

ಸಾಲೆಯಿಂದ ಬಂದ ಗಾದೆಪ್ಪ ಸ್ಲೇಟು ಕೆಳಗಿಡುವುದನ್ನೂ ಮರೆತು ನಿಂತಿದ್ದ. ಅವನ ಅವ್ವ ವಿರೂಪಮ್ಮ ದೊಡ್ಡ ಬೀಸುವ ಕಲ್ಲಿನ ಸುತ್ತ ಬಿದ್ದ ಹಿಟ್ಟನ್ನು ಗುಡಿಸುತ್ತಿದ್ದಳು.

“ಹೂಂನಪ್ಪಾ. ಸಂಜಿಗೆ ಪಕ್ಕದ ಮನಿ ಸುಂಕುಲಮ್ಮ ಬಂದು ಒಯ್ತಾಳ. ಆಕಿ ಸಣ್ಣ ಕಲ್ಲು ನಮಗ ಕೊಡ್ತಾಳ.”

“ಯಾಕ?”

“ಇದು ಇಬ್ರು ಎಳಿಯೋ ಕಲ್ಲು. ನಿಮ್ಮಜ್ಜಿ ಹೋದ್ಮ್ಯಾಲೆ ನಾನೊಬ್ಬಾಕಿ ಎಳದು ಎಳದು ರಟ್ಟಿ ಬಿದ್ದು ಹೋಗ್ಯಾವ. ಹಿಟ್ಟೂ ನುಣ್ಣಗ ಬರವಲ್ದು.”

ಕುರುಗೋಡಿನ ಆ ಓಣಿಯಲ್ಲಿ ಎಲ್ಲರ ಮನೆಯಲ್ಲೂ ಬೀಸುವ ಕಲ್ಲಿತ್ತು. ಆದರೆ ನೀರಿಗೆ ಹೋಗುವ ಹೆಂಗಸರು ಕೊಡ ಇಳಿಸಿ ನಿಲ್ಲುತ್ತಿದ್ದದ್ದು ಅವನ ಅಜ್ಜಿ ಉಚ್ಚೆಂಗೆಮ್ಮನ ಪದ ಕೇಳಲು. ಬೀಸುತ್ತಾ ಅವ್ವ ಎರಡು ಸಾಲು ಹಾಡಬೇಕು. ಎದುರು ಕೂತ ಅಜ್ಜಿ ಮೂರನೆಯದನ್ನು ಕೂಡಿಸಬೇಕು. ಕುಂಟುತ್ತಾ ಬರುವ ಕುಂಬಾರ, ಬಳೆ ತೊಡಿಸುವ ಸಾಬರ ಮುದುಕಿ, ಮಾತು ತೊದಲುವ ಮರಿಬಸಪ್ಪ, ಹುಟ್ಟುತ್ತಲೇ ತೀರಿಹೋದ ಗಾದೆಪ್ಪನ ತಂಗಿ, ಎಲ್ಲರಿಗೂ ಆ ಪದಗಳಲ್ಲಿ ಜಾಗವಿತ್ತು.

ಅಜ್ಜಿ ತೀರಿಕೊಂಡ ಮೇಲೆ ಅವ್ವ ಹಾಡಲಿಲ್ಲ. ಸೂತಕ ಕಳೆದರೂ ಹಾಡಲಿಲ್ಲ. ದುಃಖದಲ್ಲಿ ಪದಗಳನ್ನೆಲ್ಲ ಮರೆತೇಬಿಟ್ಟಿದ್ದಾಳೆ ಎಂದುಕೊಂಡಿದ್ದ ಗಾದೆಪ್ಪ. ಈಗ ಕಲ್ಲೂ ಹೋದರೆ ಅವು ಮತ್ತೆ ಎಲ್ಲಿಂದ ಬರಬೇಕು?

“ನಾನು ಎಳಿತೀನಿ,” ಎಂದ.

“ಏನು?”

“ಕಲ್ಲು. ನಾನು ಈ ಕಡಿ ಕೂಡ್ತೀನಿ. ಕೊಡಬ್ಯಾಡವ್ವಾ.”

“ಹುಚ್ಚಪ್ಪ! ಗಂಡು ಹುಡುಗ ಬೀಸಾಕ ಕುಂತ್ರ ಓಣಿ ಮಂದಿ ನಗ್ತಾರ.”

“ಬಾಗ್ಲ ಮುಚ್ಚತೀನಿ.”

ವಿರೂಪಮ್ಮ ಮಗನ ಮುಖ ನೋಡಿದಳು. “ಒಂದು ಸೇರು ಜೋಳ ಎಳದು ತೋರ್ಸು. ಆಮ್ಯಾಲೆ ನೋಡೋಣು.”

ಅಜ್ಜಿ ಕೂರುತ್ತಿದ್ದ ಜಾಗದಲ್ಲಿ ಬೆಕ್ಕು ಮಲಗಿತ್ತು. ಬಾಗಿಲು ಮುಚ್ಚಿ ಬಂದ ಗಾದೆಪ್ಪ ಅದನ್ನು ಎಬ್ಬಿಸಿ ಅಲ್ಲಿ ಕೂತ. ಇಬ್ಬರೂ ಗೂಟ ಹಿಡಿದರು. ಕಲ್ಲು ಗುರ್ರ್ ಎಂದು ತಿರುಗಿತು. ಸ್ವಲ್ಪ ಹೊತ್ತಿಗೇ ಅವನಿಗೆ ಏದುಸಿರು ಬಂತು.

“ನಾನು ಎಳದಾಗ ನೀನು ಬಿಟ್ಟು ಕೊಡಬೇಕಪ್ಪಾ. ಕಲ್ಲಿನ ಜೋಡಿ ಕುಸ್ತಿ ಹಿಡೀಬ್ಯಾಡ!”

ಬಿಟ್ಟು ಕೊಟ್ಟ. ಕಲ್ಲು ಹಗುರಾಯಿತು.

ಅಷ್ಟರಲ್ಲಿ ಬಾಗಿಲು ದಡಕ್ಕನೆ ತೆರೆಯಿತು. ಸಾಲೆಯ ಗೆಳೆಯ ಎರ್ರಣ್ಣ ಒಳಗೆ ನುಗ್ಗಿದ.

“ಲೇ ಗಾದ್ಯಾ, ನಾಳಿ ಮಾಸ್ತರಿಗೆ ಪದ್ಯ ಒಪ್ಪಸ್ಬೇಕು, ನಿನಗ ಬಾಯಿಗೆ...” ಎನ್ನುತ್ತಿದ್ದವನ ಮಾತು ಅಲ್ಲೇ ನಿಂತಿತು. “ಯಪ್ಪಾ! ಇವ ಗಾದೆಪ್ಪ ಅಲ್ಲ, ಗಾದೆವ್ವ! ಸೀರಿ ತರ್ಲೇನವ್ವಾ ಉಡಾಕ?”

ಗಾದೆಪ್ಪನ ಕಿವಿ ಬಿಸಿಯಾದವು. ಎದ್ದು ಹೋಗಬೇಕೆನ್ನಿಸಿತು. ಎದ್ದರೆ ಸಂಜೆಗೆ ಕಲ್ಲು ಹೋಗುತ್ತದೆ. ಅವನು ಗೂಟವನ್ನು ಇನ್ನೂ ಬಿಗಿಯಾಗಿ ಹಿಡಿದ.

“ರೊಟ್ಟಿ ತಿನ್ನಾಕ ಬರ್ತೀಯಲ್ಲ, ಆವಾಗ ಹೇಳು ಇದನ್ನ.”

ಆ ಮನೆಯಲ್ಲಿ ಎರ್ರಣ್ಣ ತಿಂದ ರೊಟ್ಟಿಗೆ ಲೆಕ್ಕವಿರಲಿಲ್ಲ. ಅವನು ಹೊಸ್ತಿಲ ಮೇಲೆ ಕೂತ. ನಗು ಕಾಣದಂತೆ ಸ್ಲೇಟನ್ನು ಬಾಯಿಗೆ ಅಡ್ಡ ಹಿಡಿದ.

ಕಲ್ಲು ಒಂದೇ ಸಮನೆ ತಿರುಗತೊಡಗಿತು. ಆಗ ಅವ್ವನ ತುಟಿ ಅಲುಗಿತು.

“ಕಲ್ಲು ತಿರುಗಿದಂಗ ದಿನ ತಿರುಗಿ ಹೋದಾವ
ನಮ್ಮತ್ತಿ ಕೂತ ಜಾಗ ಬರಿದಾಗಿ...”

ಪದ ನಿಂತಿತು. ಕಲ್ಲು ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಅವ್ವ ತಲೆ ತಗ್ಗಿಸಿ ಎಳೆಯುತ್ತಲೇ ಇದ್ದಳು. ಅವಳಿಗೆ ಯಾವುದೂ ಮರೆತಿರಲಿಲ್ಲ. ಮೂರನೆಯ ಸಾಲು ಎದುರಿನವರು ಹೇಳಬೇಕಾದದ್ದು. ಇಷ್ಟು ದಿನವೂ ಅವ್ವ ಮನಸ್ಸಿನಲ್ಲೇ ಹಾಡುತ್ತಾ ಇಲ್ಲಿಗೆ ಬಂದು ನಿಂತಿರಬೇಕು ಎಂದು ಗಾದೆಪ್ಪನಿಗೆ ಅನ್ನಿಸಿತು.

ಸಾಲೆಯ ಪದ್ಯಗಳಲ್ಲಿದ್ದ ದೊಡ್ಡ ದೊಡ್ಡ ಮಾತುಗಳನ್ನು ನೆನೆದ. ಒಂದೂ ಹೊಂದಲಿಲ್ಲ. ಕಂಡದ್ದನ್ನೇ ಹಾಡಿಬಿಟ್ಟ:

“ಬೆಕ್ಕು ಬರತೈತಿ ದಿನಾ ಆಕಿ ತೊಡಿ ಹುಡುಕಿ!”

ಎರ್ರಣ್ಣ ಕಿಸಕ್ಕನೆ ನಕ್ಕ. ಅವ್ವನೂ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು, ಕೈಯಲ್ಲಿದ್ದ ಹಿಟ್ಟೆಲ್ಲ ಕೆನ್ನೆಗೆ ಮೆತ್ತಿತು.

“ಇದು ಯಾವ ಪುಸ್ತಕದಾಗ ಐತ್ಲೇ?” ಎರ್ರಣ್ಣ ಕೇಳಿದ.

“ಯಾವುದರಾಗೂ ಇಲ್ಲ. ಬೆಕ್ಕಿನ್ನ ಕೇಳು.”

ಬಾಗಿಲಲ್ಲಿ ನೆರಳು ಬಿತ್ತು. ಸುಂಕುಲಮ್ಮ ಯಾವಾಗಲೋ ಬಂದು ನಿಂತಿದ್ದಳು, ಕೈಯಲ್ಲಿ ಹಗ್ಗ. ಅವಳು ಆದವಾನಿ ಕಡೆಯವಳು. ಗಂಡ ಬಳ್ಳಾರಿಗೆ ಹತ್ತಿ ಗಾಡಿ ಹೊಡೆಯುತ್ತಿದ್ದ. ಅವಳ ಕನ್ನಡದಲ್ಲಿ ತೆಲುಗು ಬೆರೆತಿರುತ್ತಿತ್ತು. ಅದಕ್ಕೇ ಓಣಿಯ ಮಕ್ಕಳು ಅವಳನ್ನು ಅಣಕಿಸುತ್ತಿದ್ದರು. ಗಾದೆಪ್ಪನೂ ಅಣಕಿಸಿದ್ದ.

ವಿರೂಪಮ್ಮ ಗಡಬಡಿಸಿ ಎದ್ದಳು. “ಬಾ ಅಕ್ಕಾ. ಮಾತು ಕೊಟ್ಟೀನಿ. ಕಲ್ಲು ಒಯ್ಯಿ.”

ಗಾದೆಪ್ಪ ಗೂಟ ಬಿಡಲಿಲ್ಲ.

ಸುಂಕುಲಮ್ಮ ಅವನನ್ನು ನೋಡಿದಳು, ಕಲ್ಲನ್ನು ನೋಡಿದಳು. ಹಗ್ಗವನ್ನು ಮೂಲೆಗೆ ಹಾಕಿದಳು.

“ಒಯ್ದು ಏನ್ಮಾಡ್ಲಿ? ಅಲ್ಲೂ ನಾನು ಒಬ್ಬಾಕೀನೇ. ನನ್ನ ಜೋಳನೇ ಇಲ್ಲಿಗೆ ತರ್ತೀನಿ, ಕೂಡಿ ಬೀಸೋಣು. ನಾಯನಾ, ನನ್ನಪ್ಪಾ, ನೀನು ಹೋಗಿ ಪದ್ಯ ಓದ್ಕೋ.”

“ದೊಡ್ಡವ್ವಾ, ನಿನಗ ನಮ್ಮ ಪದ ಬರ್ತಾವೇನು?” ಗಾದೆಪ್ಪ ಕೇಳಿದ.

“ಬರಂಗಿಲ್ಲ. ನನಗ ಬಂದ ಭಾಷ್ಯಾಗ ಹಾಡ್ತೀನಿ. ಕಲ್ಲು ಬ್ಯಾಡ ಅಂತೈತೇನು?”

ಮರುದಿನ ಕೋಳಿ ಕೂಗುವ ಹೊತ್ತಿಗೆ ಗಾದೆಪ್ಪನಿಗೆ ಎಚ್ಚರವಾಯಿತು. ಕಲ್ಲು ತಿರುಗುತ್ತಿತ್ತು. ಅವ್ವ ಕನ್ನಡದಲ್ಲಿ ಎರಡು ಸಾಲು ಹಾಡಿದರೆ ಸುಂಕುಲಮ್ಮ ತೆಲುಗಿನಲ್ಲಿ ಮೂರನೆಯದನ್ನು ಕೂಡಿಸುತ್ತಿದ್ದಳು. ಅವನು ಕಂಬಳಿಯೊಳಗೇ ನಕ್ಕ.

ಆಮೇಲೆ ಸುಂಕುಲಮ್ಮನೇ ಶುರು ಮಾಡಿದಳು, ಅರ್ಧ ಆ ಭಾಷೆ, ಅರ್ಧ ಈ ಭಾಷೆ:

“ಓಬುಲೇಸು ಅಂತ ಕೊಡುಕೊಬ್ಬ ನನಗಿದ್ದ
ಆ ಬರಗಾಲ ಬಂದು ಕರದೊಯ್ತು...”

ಕೊಡುಕು ಅಂದರೆ ಮಗ. ಅಷ್ಟು ತೆಲುಗು ಗಾದೆಪ್ಪನಿಗೆ ಗೊತ್ತಿತ್ತು. ಆದರೆ ಸುಂಕುಲಮ್ಮನಿಗೆ ಒಬ್ಬ ಮಗ ಇದ್ದದ್ದು ಗೊತ್ತಿರಲಿಲ್ಲ.

ಅವ್ವನ ದನಿಗಾಗಿ ಕಾದ. ಕಲ್ಲಿನ ಸದ್ದು ಮಾತ್ರ ಕೇಳಿಸಿತು. ತಾನೇ ಒಂದು ಸಾಲು ಹುಡುಕಿದ; ಸಿಗಲಿಲ್ಲ. ಕುಂಬಾರ ಕುಂಟುವುದನ್ನು ಅಜ್ಜಿ ದಿನಾ ಕಂಡಿದ್ದಳು. ಬೆಕ್ಕನ್ನು ಇವನು ಕಂಡಿದ್ದ. ಓಬುಲೇಸುವನ್ನು ಈ ಓಣಿಯಲ್ಲಿ ಯಾರು ಕಂಡಿದ್ದರು?

ಗಾದೆಪ್ಪ ಕಂಬಳಿ ಸರಿಸಿ ಎದ್ದು ಹೋದ.

“ದೊಡ್ಡವ್ವಾ, ಓಬುಲೇಸು ಹೆಂಗಿದ್ದ?”

ಕಲ್ಲು ನಿಂತಿತು. ಸುಂಕುಲಮ್ಮ ಅವನನ್ನೇ ನೋಡಿದಳು. ಈ ಊರಿಗೆ ಬಂದಾಗಿನಿಂದ ಅವಳನ್ನು ಯಾರೂ ಅದನ್ನು ಕೇಳಿರಲಿಲ್ಲ. ನಿಧಾನವಾಗಿ ಪಕ್ಕಕ್ಕೆ ಸರಿದು ಜಾಗ ಮಾಡಿದಳು.

“ಕೂಡು ನಾಯನಾ. ಅವನ ಮುಂದಿನ ಎರಡು ಹಲ್ಲು ಬಿದ್ದಿದ್ವು. ಆದ್ರೂ ಕಬ್ಬೇ ಬೇಕಂತ ಹಟ ಹಿಡೀತಿದ್ದ...”